ಹೆಸರು ಒಂದೇ, ಮುಖ ಬೇರೆ: ಹಳೆಯ ಚಿತ್ರಗಳಿಗೆ ಪೂರ್ತಿ ವಿವರ ಬರೆಯಿರಿ

ಮಾನ್ಯ ಸಂಪಾದಕರೇ,

ನನ್ನ ಹೆಸರು ದೇವಾಜಮ್ಮ. ನಂಜನಗೂಡು ತಾಲ್ಲೂಕಿನ ಹಳ್ಳಿಗಳಲ್ಲಿ ಮೂವತ್ತೈದು ವರ್ಷ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಳಾಗಿದ್ದೇನೆ. ಊರಿನವರು ಇವತ್ತಿಗೂ ನರ್ಸಮ್ಮ ಅಂತಲೇ ಕರೆಯುತ್ತಾರೆ. ಹೆಸರನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಈ ಪತ್ರ ಬರೆಯುತ್ತಿರುವುದೇ ಆ ಹೆಸರಿಗಾಗಿ.

ಹೋದ ತಿಂಗಳು ನಮ್ಮ ಕಡೆ ಮಕ್ಕಳ ಲಸಿಕೆ ಶಿಬಿರ ನಡೆಯಿತು. ನಡೆಸಿದವರ ಉದ್ದೇಶ ಒಳ್ಳೆಯದು, ಜನರೂ ಚೆನ್ನಾಗಿ ಬಂದಿದ್ದರು. ವೇದಿಕೆಯ ಹಿಂದೆ ದೊಡ್ಡದೊಂದು ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಹಳೇ ಕಾಲದ ರಾಣಿಯೊಬ್ಬರ ಮುಖ. ಕೆಳಗೆ 'ಸಿಡುಬಿನ ಲಸಿಕೆ ಹಾಕಿಸಿಕೊಂಡ ಮೈಸೂರಿನ ರಾಣಿ ದೇವಾಜಮ್ಮಣ್ಣಿ' ಎಂದು ಬರೆದಿತ್ತು. ನನ್ನದೇ ಹೆಸರು, ನನ್ನದೇ ಕೆಲಸ. ಖುಷಿಯಿಂದ ಹತ್ತಿರ ಹೋಗಿ ನೋಡಿದೆ. ನೋಡಿದ ಕೂಡಲೇ ಮನಸ್ಸಿಗೆ ಕಸಿವಿಸಿಯಾಯಿತು. ಹೆಸರು ಸರಿ, ರಾಣಿಯೂ ಹೌದು, ಮೈಸೂರೂ ಹೌದು. ಆದರೆ ಮುಖ ಇನ್ನೊಬ್ಬ ದೇವಾಜಮ್ಮಣ್ಣಿಯವರದು.

ಆ ಚಿತ್ರ ನನಗೆ ಚೆನ್ನಾಗಿ ಗೊತ್ತು. ಕೋವಿಡ್ ಕಾಲದಲ್ಲಿ ಅದು ಎಲ್ಲರ ಮೊಬೈಲಿಗೂ ಬಂದಿತ್ತು. ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರ 1805ರಲ್ಲಿ ಬರೆದ ತೈಲಚಿತ್ರ ಅದು. ದಿವಾನ್ ಪೂರ್ಣಯ್ಯನವರ ಚಿತ್ರ ಬರೆದವನೂ ಇದೇ ಹಿಕಿ. ಚಿತ್ರದಲ್ಲಿ ಮೂವರು ಹೆಂಗಸರಿದ್ದಾರೆ. 2007ರಲ್ಲಿ ಸೋಥೆಬೀಸ್ ಹರಾಜಿಗೆ ಬಂದಾಗಲೂ ಇವರು ಯಾರೋ ನರ್ತಕಿಯರು ಎಂದೇ ಜನ ಅಂದುಕೊಂಡಿದ್ದರಂತೆ. ಕೇಂಬ್ರಿಜ್‌ನ ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರು ಉಡುಗೆ ತೊಡುಗೆ, ಒಡವೆ, ಆ ಕಾಲದ ದಾಖಲೆ ಎಲ್ಲವನ್ನೂ ಜೋಡಿಸಿ ನೋಡಿ, ಇವರು ಮೈಸೂರು ಅರಮನೆಯ ಹೆಣ್ಣುಮಕ್ಕಳು ಎಂದರು. ಅವರ ಪ್ರಕಾರ ಬಲಗಡೆ ಇರುವವರು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಎಡಗಡೆ ಇರುವವರು ಹಿರಿಯ ರಾಣಿ. ಅವರ ಹೆಸರೂ ದೇವಾಜಮ್ಮಣ್ಣಿಯೇ.

ಆಗ ಮುಮ್ಮಡಿಯವರೇ ಚಿಕ್ಕ ಹುಡುಗ. 1794ರಲ್ಲಿ ಹುಟ್ಟಿ, 1799ರಲ್ಲಿ ಐದು ವರ್ಷದ ಮಗುವಾಗಿದ್ದಾಗಲೇ ಪಟ್ಟಕ್ಕೆ ಬಂದವರು. ಕಿರಿಯ ರಾಣಿಯೂ ಹನ್ನೆರಡರ ಆಸುಪಾಸಿನ ಹುಡುಗಿ. ಆ ಹುಡುಗಿಗೆ ಲಸಿಕೆ ಹಾಕಿಸಿದರು. ಆಗ ಲಸಿಕೆ ಎಷ್ಟು ಹೊಸದು ಅಂತ ಯೋಚಿಸಿ. ಹಸುವಿನ ಕೆಚ್ಚಲ ಮೇಲೆ ಏಳುವ ಗುಳ್ಳೆಯ ಕೀವಿನಿಂದ ಸಿಡುಬನ್ನು ತಡೆಯಬಹುದು ಎಂದು ಇಂಗ್ಲೆಂಡಿನ ವೈದ್ಯ ಜೆನ್ನರ್ ತೋರಿಸಿದ್ದು 1796ರಲ್ಲಿ. ಭಾರತದಲ್ಲಿ ಮೊದಲ ಸಲ ಅದನ್ನು ಪಡೆದವಳು ಮುಂಬೈನಲ್ಲಿದ್ದ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗು, 1802ರ ಜೂನ್ 14ರಂದು. ಅದಾಗಿ ಮೂರೇ ವರ್ಷಕ್ಕೆ ಮೈಸೂರಿನ ಅಂತಃಪುರದ ಚಿತ್ರ! ರಾಣಿಯನ್ನು ನೋಡಿ ಜನರೂ ಧೈರ್ಯವಾಗಿ ಮುಂದೆ ಬಂದರು ಎಂದು 1806ರ ಜುಲೈನ ದಾಖಲೆಯೊಂದು ಹೇಳುತ್ತದೆ.

ಯಾರು ಯಾರೆಂದು ಗುರುತಿಸುವುದು ಹೇಗೆ? ಚಿತ್ರದಲ್ಲೇ ಇದೆ ನೋಡಿ. ಕಿರಿಯ ರಾಣಿಯ ಎಡತೋಳು ಸೆರಗಿನಿಂದ ಹೊರಗಿದೆ. ಮಾಮೂಲಿಯಾಗಿ ಸೆರಗು ಮುಚ್ಚಬೇಕಾದ ತೋಳು ಅದು. ಲಸಿಕೆ ಹಾಕಿದ ಜಾಗ ತೋರಿಸಲೆಂದೇ ಹಾಗೆ ನಿಲ್ಲಿಸಿದ್ದಾರೆ ಎನ್ನುತ್ತಾರೆ ಚಾನ್ಸಲರ್. ಹಿರಿಯ ರಾಣಿಗೆ ಮೂಗಿನ ಕೆಳಗೆ, ಬಾಯಿಯ ಸುತ್ತ ಚರ್ಮದ ಬಣ್ಣ ಬೇರೆಯಾಗಿದೆ. ಜೆನ್ನರ್‌ಗಿಂತ ಹಿಂದಿನ ಪದ್ಧತಿಯ ಗುರುತು ಅದು. ಸಿಡುಬಿನ ಹಕ್ಕಳೆಯನ್ನೇ ಪುಡಿ ಮಾಡಿ ಮೂಗಿಗೆ ಊದಿ, ರೋಗ ಸ್ವಲ್ಪವಾಗಿ ಬಂದು ಹೋಗುವಂತೆ ಮಾಡುತ್ತಿದ್ದರು. ಬದುಕಿ ಉಳಿದರೆ ಸಿಡುಬು ಮತ್ತೆ ಬರುತ್ತಿರಲಿಲ್ಲ.

ಇದನ್ನು ಒಪ್ಪದವರೂ ಇರಬಹುದು. ನಾನು ಇತಿಹಾಸ ಓದಿದವಳಲ್ಲ. ಆದರೆ ತೋಳು ತೋರಿಸುವ ಆ ರೀತಿ ನನಗೆ ಗೊತ್ತು. ಮೊದಲ ಬಸುರಿನ ಸೊಸೆಯಂದಿರು ಟಿಟಿ ಇಂಜೆಕ್ಷನ್‌ಗೆ ಬರುತ್ತಿದ್ದರು. ಜೊತೆಯಲ್ಲಿ ಅತ್ತೆ ಇರುತ್ತಿದ್ದರು, ಅಂಗನವಾಡಿಯ ಬಾಗಿಲಲ್ಲಿ ಗಂಡಸರು ನಿಂತಿರುತ್ತಿದ್ದರು. ಎಷ್ಟು ಬೇಕೋ ಅಷ್ಟೇ ಸೆರಗು ಸರಿಸಿ, ಮುಖ ಆ ಕಡೆ ತಿರುಗಿಸಿ ತೋಳು ಕೊಡುತ್ತಿದ್ದರು. ಮರ್ಯಾದೆ ಬಿಡದೆ ತೋಳು ಕೊಡುವುದು. ಆ ಚಿತ್ರವನ್ನು ಮೊದಲ ಸಲ ನೋಡಿದಾಗ ನನಗೆ ನೆನಪಾದವರು ಅವರೇ.

ಶಿಬಿರದ ಫ್ಲೆಕ್ಸ್‌ನಲ್ಲಿ ಆಗಿದ್ದು ಇಷ್ಟು. ಯಾರೋ ಮೂವರ ಚಿತ್ರದಿಂದ ಎಡಗಡೆಯ ಹಿರಿಯ ರಾಣಿಯ ಮುಖ ಮಾತ್ರ ಕತ್ತರಿಸಿಕೊಂಡಿದ್ದಾರೆ. ಅದಕ್ಕೆ 'ದೇವಾಜಮ್ಮಣ್ಣಿ' ಅಂತ ಬರೆದಿದ್ದಾರೆ. ಅದು ಸುಳ್ಳಲ್ಲ, ಅವರ ಹೆಸರೂ ಅದೇ. ಆದರೆ ಲಸಿಕೆಯ ಕಥೆ ಅವರದಲ್ಲ. ಅವರದು ಬೇರೆ ಕಥೆ, ಹಳೆಯ ಪದ್ಧತಿಯಲ್ಲಿ ಪಾರಾದವರ ಕಥೆ. ತೋಳು ತೋರಿಸಿದ ಹುಡುಗಿ ಫ್ಲೆಕ್ಸ್‌ನಲ್ಲಿ ಇರಲೇ ಇಲ್ಲ. ಹಳೆಯ ಪದ್ಧತಿ, ಹೊಸ ಪದ್ಧತಿ ಎರಡನ್ನೂ ಒಂದೇ ಮನೆಯ ಇಬ್ಬರು ಸೊಸೆಯರ ಮೈಮೇಲೆ ತೋರಿಸುವ ಚಿತ್ರ ಅದು. ಕತ್ತರಿ ಹಾಕಿದರೆ ಉಳಿಯುವುದೇನು, ಹೇಳಿ?

ನನಗೆ ಇಷ್ಟು ಬೇಜಾರಾಗಲು ಇನ್ನೊಂದು ಕಾರಣ ನಮ್ಮ ಮನೆಯಲ್ಲೇ ಇದೆ. ನಮ್ಮಲ್ಲಿ ಅಜ್ಜಿ ಹೆಸರು ಮೊಮ್ಮಗಳಿಗೆ, ತಾತನ ಹೆಸರು ಮೊಮ್ಮಗನಿಗೆ. ನನ್ನದು ನಮ್ಮಪ್ಪನ ತಾಯಿಯ ಹೆಸರು. ಅಜ್ಜಿಯ ವಾರಗಿತ್ತಿಯ ಹೆಸರೂ ದೇವಾಜಮ್ಮನೇ. ಒಂದೇ ಮನೆಗೆ ಒಂದೇ ಹೆಸರಿನ ಇಬ್ಬರು ಸೊಸೆಯರು. ಮನೆಯಲ್ಲಿ ದೊಡ್ಡದೇವಿ, ಚಿಕ್ಕದೇವಿ ಅಂತ ಕರೆಯುತ್ತಿದ್ದರಂತೆ. ಮೈಸೂರಿನ ಸ್ಟುಡಿಯೋದಲ್ಲಿ ತೆಗೆಸಿದ ಅವರ ಒಂದೊಂದು ಫೋಟೋ ಟ್ರಂಕಿನಲ್ಲಿತ್ತು. ಎರಡರ ಹಿಂದೆಯೂ ಶಾಯಿಯಲ್ಲಿ 'ದೇವಾಜಮ್ಮ' ಎಂದಷ್ಟೇ ಬರೆದಿದೆ. ಅಪ್ಪ ಇರುವವರೆಗೂ ಕೇಳಬೇಕು ಅಂತ ಅನ್ನಿಸಲಿಲ್ಲ. ಅವರು ಹೋದ ಮೇಲೆ ಗೋಡೆಗೆ ಹಾಕಲು ತೆಗೆದರೆ ಯಾವುದು ನಮ್ಮಜ್ಜಿ ಎಂದು ಯಾರಿಗೂ ಗೊತ್ತಿಲ್ಲ.

ದೊಡ್ಡದೇವಿಯವರಿಗೆ ಸಿಡುಬು ಬಂದು ಮುಖದ ತುಂಬ ಕಲೆ ಇತ್ತು ಎಂದು ಕೇಳಿದ್ದೆ. ಆದರೆ ಸ್ಟುಡಿಯೋದವರು ಟಚಪ್ ಮಾಡಿ ಇಬ್ಬರ ಮುಖವನ್ನೂ ನುಣ್ಣಗೆ ಮಾಡಿಟ್ಟಿದ್ದಾರೆ. ಒಂದು ಕಲೆಯೂ ಕಾಣುವುದಿಲ್ಲ. ಕೊನೆಗೆ ತೊಂಬತ್ತು ದಾಟಿದ ನಮ್ಮ ಸೋದರತ್ತೆ ಫೋಟೋವನ್ನು ಬಿಸಿಲಿಗೆ ಹಿಡಿದು, ಮುಖ ನೋಡದೆ ಕೈ ನೋಡಿದರು. 'ಮುಂಗೈ ಮೇಲೆ ಹಚ್ಚೆ ಇದೆ ನೋಡು, ಇವಳೇ ನಮ್ಮವ್ವ' ಅಂದರು. ನಾವು ಅಂದಾಜಿನ ಮೇಲೆ ಗೋಡೆಗೆ ಹಾಕಿ ಹತ್ತು ವರ್ಷ ಹಾರ ಹಾಕಿದ್ದು ಇನ್ನೊಂದು ಫೋಟೋಗೆ. ಆ ದಿನವೇ ಎರಡರ ಹಿಂದೆಯೂ ಪೆನ್ಸಿಲ್‌ನಲ್ಲಿ ಬರೆದೆ: ಯಾರ ಮಗಳು, ಯಾರ ಹೆಂಡತಿ, ಯಾವ ಊರು, ಗುರುತು ಹೇಳಿದವರು ಯಾರು. ಈಗ ಎರಡನ್ನೂ ಗೋಡೆಗೆ ಹಾಕಿದ್ದೇನೆ.

ಅರಮನೆಯವರಿಗೂ ಈ ತೊಂದರೆ ಗೊತ್ತಿತ್ತು ಅನ್ನಿಸುತ್ತದೆ. ಒಡೆಯರ ವಂಶದಲ್ಲಿ ಚಾಮರಾಜ, ಕೃಷ್ಣರಾಜ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಅದಕ್ಕೇ ಅಲ್ವಾ ನಾವು ಮುಮ್ಮಡಿ, ನಾಲ್ವಡಿ ಅಂತ ಸೇರಿಸಿ ಹೇಳುವುದು? ರಾಣಿಯರಿಗೂ ಸನ್ನಿಧಾನದ ಹೆಸರು ಇರುತ್ತಿತ್ತು. ನಾಲ್ವಡಿಯವರ ತಾಯಿ ಕೆಂಪನಂಜಮ್ಮಣ್ಣಿಯವರು ವಾಣಿವಿಲಾಸ ಸನ್ನಿಧಾನ. ನಾಲ್ವಡಿಯವರ ರಾಣಿ ಪ್ರತಾಪಕುಮಾರಿಯವರು ಲಕ್ಷ್ಮೀವಿಲಾಸ ಸನ್ನಿಧಾನ. ಗುರುತು ತಪ್ಪದಂತೆ ನಮ್ಮ ಹಿರಿಯರು ಕಟ್ಟಿಕೊಟ್ಟ ಇಂಥ ಹೆಸರುಗಳನ್ನು ಈಗ ಚಿತ್ರದ ಅಡಿಬರಹದಲ್ಲಿ ಜಾಗ ಸಾಲದು ಅಂತ ಬಿಟ್ಟುಬಿಡುತ್ತಾರೆ.

ನನ್ನ ಮೊಮ್ಮಗಳು ಶಾಲೆಗೆ ಚಾಮರಾಜನಗರದ ಬಗ್ಗೆ ಚಾರ್ಟ್ ಮಾಡಿದ್ದಳು. ಅರಿಕುಠಾರ ಎಂಬ ಊರಿಗೆ ತಂದೆಯ ಹೆಸರಿಟ್ಟು, ಅಲ್ಲಿ 1826ರಲ್ಲಿ ಚಾಮರಾಜೇಶ್ವರ ದೇವಸ್ಥಾನ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಅಷ್ಟನ್ನೂ ಸರಿಯಾಗಿ ಬರೆದು, ಪಕ್ಕದಲ್ಲಿ ನಾಲ್ವಡಿಯವರ ಫೋಟೋ ಅಂಟಿಸಿದ್ದಳು. ಮಗುವಿನ ತಪ್ಪೇನಿಲ್ಲ. ಮೊಬೈಲಿನಲ್ಲಿ 'ಕೃಷ್ಣರಾಜ ಒಡೆಯರ್' ಎಂದು ಹುಡುಕಿದಳು, ಬಂದದ್ದು ಆ ಫೋಟೋ. ಮುಮ್ಮಡಿಯವರು ತೀರಿಕೊಂಡದ್ದು 1868ರಲ್ಲಿ, ನಾಲ್ವಡಿಯವರು ಹುಟ್ಟಿದ್ದು 1884ರಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದವರೇ ಅಲ್ಲ. ಕನ್ನಂಬಾಡಿ ಕಟ್ಟೆಗೆ ಕೃಷ್ಣರಾಜಸಾಗರ ಎಂಬ ಹೆಸರು ಬಂದದ್ದು ನಾಲ್ವಡಿಯವರಿಂದ ಎಂದು ಹೇಳಿಕೊಟ್ಟೆ. ಚಾರ್ಟ್ ಹಾಳಾಗದಂತೆ ಇಬ್ಬರೂ ಕೂತು ಫೋಟೋ ಮೆಲ್ಲಗೆ ಕಿತ್ತು, ಮುಮ್ಮಡಿಯವರ ಚಿತ್ರ ಅಂಟಿಸಿದೆವು.

ಇಬ್ಬರು ಚೆನ್ನಮ್ಮರ ಕಥೆಯೂ ಹೀಗೇ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವರು ಹದಿನೇಳನೇ ಶತಮಾನದ ಕೆಳದಿಯ ಚೆನ್ನಮ್ಮಾಜಿ. 1824ರಲ್ಲಿ ಥ್ಯಾಕರೆಯ ಸೈನ್ಯದ ಮೇಲೆ ಗೆದ್ದವರು ಕಿತ್ತೂರಿನ ಚೆನ್ನಮ್ಮ. ಕುದುರೆ, ಕತ್ತಿ ಇರುವ ಒಂದೇ ಚಿತ್ರವನ್ನು ಇಬ್ಬರಿಗೂ ಹಾಕಿದ್ದನ್ನು ನೋಡಿದ್ದೇನೆ. ಕಿತ್ತೂರು ಚೆನ್ನಮ್ಮನವರು 1829ರಲ್ಲಿ ತೀರಿಕೊಂಡರು. ಫೋಟೋ ತೆಗೆಯುವ ವಿದ್ಯೆ ಜಗತ್ತಿಗೆ ಗೊತ್ತಾದದ್ದೇ 1839ರಲ್ಲಿ. ಹಾಗಿದ್ದ ಮೇಲೆ 'ಚೆನ್ನಮ್ಮನ ಅಪರೂಪದ ಫೋಟೋ' ಎಲ್ಲಿಂದ ಬರಬೇಕು? ಆಮೇಲೆ ಬಂದ ಚಿತ್ರಕಾರರು ಅಭಿಮಾನದಿಂದ ಬರೆದ ಚಿತ್ರಗಳವು. ಅವನ್ನು ಬಳಸಲಿ, ಬೇಡ ಅನ್ನುವುದಿಲ್ಲ. 'ಕಲಾವಿದರ ಕಲ್ಪನೆ' ಎಂದು ಎರಡು ಪದ ಸೇರಿಸಲಿ.

ಸಂಪಾದಕರೇ, ನೀವು ವಾರಕ್ಕೊಮ್ಮೆ ಹಳೆಯ ಚಿತ್ರ ಹಾಕುತ್ತೀರಿ. ಅದನ್ನು ಕತ್ತರಿಸಿ ಇಟ್ಟುಕೊಳ್ಳುವವರಲ್ಲಿ ನಾನೂ ಒಬ್ಬಳು. ನಿಮ್ಮಲ್ಲಿ ಬಂದದ್ದನ್ನೇ ಶಾಲೆಯವರು, ಶಿಬಿರದವರು ತೆಗೆದುಕೊಳ್ಳುತ್ತಾರೆ. ಆದ್ದರಿಂದ ಬರೀ ಹೆಸರು ಹಾಕಬೇಡಿ. ಯಾರ ಮಗಳು ಅಥವಾ ಯಾರ ಹೆಂಡತಿ, ಎಷ್ಟನೇ ರಾಜ, ಯಾವ ಇಸವಿ, ಬರೆದವರು ಯಾರು ಎಂದು ಒಂದು ಸಾಲು ಜಾಸ್ತಿ ಬರೆಯಿರಿ. ಗುರುತು ಒಬ್ಬ ವಿದ್ವಾಂಸರ ಅಭಿಪ್ರಾಯವಾಗಿದ್ದರೆ ಹಾಗೆಂದೇ ಹೇಳಿ, ಓದುಗರಿಗೆ ಅರ್ಥವಾಗುತ್ತದೆ. ಮೂವರಿರುವ ಚಿತ್ರದಿಂದ ಒಬ್ಬರನ್ನು ಕತ್ತರಿಸಿ ತೆಗೆಯಬೇಡಿ.

ನನ್ನ ತೋಳಿನ ಮೇಲೆ ಚಿಕ್ಕವಳಿದ್ದಾಗ ದಾಕು, ಅಂದರೆ ಸಿಡುಬಿನ ಲಸಿಕೆ, ಹಾಕಿದ ಎರಡು ಗುಂಡನೆಯ ಕಲೆಗಳಿವೆ. 1980ರಲ್ಲಿ ಸಿಡುಬು ಜಗತ್ತಿನಿಂದಲೇ ಹೋಯಿತು ಎಂದು ಘೋಷಣೆಯಾದಾಗ ನಾನು ಕೆಲಸಕ್ಕೆ ಸೇರಿ ಹೆಚ್ಚು ದಿನ ಆಗಿರಲಿಲ್ಲ. ನನ್ನ ಮಕ್ಕಳಿಗೆ ಆ ಕಲೆ ಇಲ್ಲ, ಬೇಕಾಗಲೂ ಇಲ್ಲ. ಆ ದಾರಿಯ ಶುರುವಿನಲ್ಲಿ ತೋಳು ಮುಂದೆ ಮಾಡಿ ನಿಂತ ಹುಡುಗಿಯ ಮುಖವನ್ನು ನಮ್ಮ ಜನ ಸರಿಯಾಗಿ ನೋಡಬೇಕು ಎಂಬುದು ನನ್ನ ಆಸೆ.

ಶಿಬಿರ ನಡೆಸಿದವರಿಗೆ ಅವತ್ತೇ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಸರಿಯಾದ ಚಿತ್ರ ಕೊಟ್ಟರೆ ಮುಂದಿನ ಸಲ ಫ್ಲೆಕ್ಸ್ ಬದಲಿಸುತ್ತೇವೆ ಅಂದಿದ್ದಾರೆ. ಅಷ್ಟರೊಳಗೆ ನೀವು ಆ ಚಿತ್ರವನ್ನು ಮೂವರೂ ಇರುವಂತೆ, ಇಬ್ಬರು ದೇವಾಜಮ್ಮಣ್ಣಿಯರಲ್ಲಿ ಯಾರು ಯಾರೆಂದು ಬರೆದು ಅಚ್ಚು ಹಾಕಿದರೆ, ಆ ಪುಟವನ್ನೇ ತೆಗೆದುಕೊಂಡು ಹೋಗಿ ಅವರ ಕೈಗೆ ಕೊಡುತ್ತೇನೆ.

ಇಂತಿ,
ದೇವಾಜಮ್ಮ
ನಿವೃತ್ತ ಆರೋಗ್ಯ ಸಹಾಯಕಿ, ನಂಜನಗೂಡು ತಾಲ್ಲೂಕು