ಪುಲಹನಿಗೆ, ಆ ಒಂಬತ್ತು ರಾತ್ರಿಗಳ ಬಗ್ಗೆ

ಗುಡಿಬಂಡೆ,
ಶ್ರಾವಣದ ಎರಡನೆಯ ವಾರ

ಪ್ರೀತಿಯ ಪುಲಹ,

ಸುಳಿ ಗೆಲಾಕ್ಸಿಯ ಚಿತ್ರವನ್ನು ನೀನು ನಮ್ಮ ಹಾಸ್ಟೆಲಿನ ಬಳಗಕ್ಕೆಲ್ಲ ಕಳುಹಿಸಿ, ಅದರ ಕೆಳಗೆ ಅಷ್ಟುದ್ದದ ಹೊಗಳಿಕೆಯನ್ನೂ ಬರೆದು, ಇದನ್ನು ಹೇಗೆ ತೆಗೆದೆ ಎಂದು ಎಲ್ಲರಿಗೂ ತಿಳಿಯುವಂತೆ ಬರೆ ಎಂದು ಅಪ್ಪಣೆ ಮಾಡಿ ಎರಡು ತಿಂಗಳಾಯಿತು. ನಿನ್ನ ಅಪ್ಪಣೆಯನ್ನು ಮೀರುವ ಧೈರ್ಯ, ಸಪ್ತರ್ಷಿಗಳ ಹೆಸರಿಟ್ಟುಕೊಂಡ ನಮ್ಮ ಏಳು ಜನರಲ್ಲಿ ಅತ್ರಿಗೆ ಮಾತ್ರ ಇತ್ತು, ಅವನಿಗೆ ಏನಾಯಿತೆಂದು ನಮಗೆಲ್ಲ ನೆನಪಿದೆ. ಆದ್ದರಿಂದ ಬರೆಯುತ್ತಿದ್ದೇನೆ. ನಿನಗೆಂದೇ ಬರೆದರೂ ಉಳಿದವರ ಕಣ್ಣು ಇದರ ಮೇಲಿರುತ್ತದೆ ಎಂಬುದು ನನಗೆ ಗೊತ್ತಿದೆ, ಅವರೂ ಓದಲಿ.

ನೀನು ಕೇಳಿದ್ದು ಕ್ಯಾಮೆರಾದ ವಿಷಯ. ಅದು ಮದುವೆ ಮನೆಗಳಲ್ಲಿ ಕಾಣುವ ಕ್ಯಾಮೆರಾಗಳಂಥದ್ದಲ್ಲ. ಅದಕ್ಕೆ ತನ್ನದೇ ಲೆನ್ಸ್ ಇಲ್ಲ, ಪರದೆ ಇಲ್ಲ, ಒತ್ತುವುದಕ್ಕೆ ಗುಂಡಿ ಕೂಡ ಇಲ್ಲ. ಅಂಗೈಯಲ್ಲಿ ಕೂರುವ ಲೋಹದ ಡಬ್ಬಿ ಅದು. ಮುಂಭಾಗದಲ್ಲಿ ಗಾಜಿನ ಹಿಂದೆ ಬೆಳಕನ್ನು ಹಿಡಿಯುವ ಚೌಕನೆಯ ಸಂವೇದಕ, ಹಿಂಭಾಗದಲ್ಲಿ ಪುಟ್ಟ ಫ್ಯಾನು, ಒಂದು ತಂತಿ ಲ್ಯಾಪ್‌ಟಾಪಿಗೆ, ಇನ್ನೊಂದು 12 ವೋಲ್ಟಿನ ಬ್ಯಾಟರಿಗೆ. ದೂರದರ್ಶಕದಲ್ಲಿ ಕಣ್ಣಿಡುವ ಜಾಗದಲ್ಲಿ ಅದನ್ನು ಕೂರಿಸಿದರೆ, 80 ಮಿಲಿಮೀಟರ್ ಅಗಲದ, 480 ಮಿಲಿಮೀಟರ್ ಸಂಗಮದೂರದ ನನ್ನ ದೂರದರ್ಶಕವೇ ಅದರ ಲೆನ್ಸ್ ಆಗುತ್ತದೆ. ಸಂವೇದಕ ಸೋನಿಯ ಐಎಂಎಕ್ಸ್ 533. ಪ್ರತಿ ಬದಿಗೆ 3008 ಬಿಂದುಗಳು, ಅಂದರೆ ಪಿಕ್ಸೆಲ್‌ಗಳು, ಒಂದೊಂದರ ಅಗಲ 3.76 ಮೈಕ್ರಾನ್. ಸಾಮಾನ್ಯ ಕ್ಯಾಮೆರಾಗಳು ಜಲಜನಕದ 656 ನ್ಯಾನೋಮೀಟರಿನ ಕೆಂಪನ್ನು ಬಹುಪಾಲು ತಡೆದುಬಿಡುತ್ತವೆ, ಇದು ತಡೆಯುವುದಿಲ್ಲ. ಕುಂಕುಮ ಚೆಲ್ಲಿದಂತಿದೆ ಎಂದು ನೀನು ಬರೆದಿದ್ದೆಯಲ್ಲ, ಆ ಚುಕ್ಕೆಗಳು ಸುರುಳಿಯ ತೋಳುಗಳ ಉದ್ದಕ್ಕೂ ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಜಲಜನಕದ ಮೋಡಗಳು.

ನನಗೆ ಈ ಡಬ್ಬಿಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಅದರ ತಂಪು. ಸಂವೇದಕ ಬೆಚ್ಚಗಿದ್ದರೆ, ಬೆಳಕೇ ಬೀಳದಿದ್ದರೂ ಅದರೊಳಗೆ ಎಲೆಕ್ಟ್ರಾನುಗಳು ತಾವಾಗಿಯೇ ಬಿಡುಗಡೆಯಾಗಿ ಇಲ್ಲದ ಬೆಳಕನ್ನು ಇದೆ ಎಂದು ತೋರಿಸುತ್ತವೆ. ಉಷ್ಣತೆ ಸುಮಾರು 6 ಡಿಗ್ರಿ ಏರಿದಂತೆಲ್ಲ ಈ ಸುಳ್ಳು ಬೆಳಕು ಇಮ್ಮಡಿಯಾಗುತ್ತದೆ. ಅದನ್ನು ಅಡಗಿಸಲು ಡಬ್ಬಿಯೊಳಗಿನ ವಿದ್ಯುತ್ ಶೀತಕ ಸಂವೇದಕವನ್ನು ಹೊರಗಿನ ಗಾಳಿಗಿಂತ 35 ಡಿಗ್ರಿಯವರೆಗೆ ತಣ್ಣಗಾಗಿಸುತ್ತದೆ. ಆದರೆ ನಮ್ಮ ಬಂಡೆಗಳ ಊರಿನಲ್ಲಿ ಚೈತ್ರದ ರಾತ್ರಿ ಹತ್ತು ಗಂಟೆಗೂ ತಾರಸಿ ಕಾದ ಕಾವಲಿಯಂತಿರುತ್ತದೆ. ಸೊನ್ನೆಗಿಂತ 10 ಡಿಗ್ರಿ ಕೆಳಗೆ ಹೋಗು ಎಂದರೆ ಶೀತಕ ಪೂರ್ತಿ ಶಕ್ತಿಯಿಂದ ಓಡಿಯೂ ಅಲ್ಲಿಗೆ ತಲುಪದೆ ಒದ್ದಾಡಿತು. ಕೊನೆಗೆ ಸೊನ್ನೆ ಡಿಗ್ರಿಗೆ ಒಪ್ಪಿಸಿ, ಇಡೀ ಋತು ಅದನ್ನೇ ಕಾಯ್ದುಕೊಂಡೆ. ಕಾಯ್ದುಕೊಳ್ಳಲೇಬೇಕು, ಏಕೆಂದರೆ ಉಳಿದ ಸುಳ್ಳನ್ನು ಕಳೆಯುವುದಕ್ಕೆ ದೂರದರ್ಶಕದ ಬಾಯಿಗೆ ಮುಚ್ಚಳ ಹಾಕಿ, ಅದೇ ಉಷ್ಣತೆಯಲ್ಲಿ, ಅಷ್ಟೇ ಹೊತ್ತಿನ ಕತ್ತಲೆಯ ಚಿತ್ರಗಳನ್ನು ತೆಗೆದಿಟ್ಟುಕೊಳ್ಳಬೇಕು. ಅಮ್ಮ ಅದನ್ನು ಮೊದಲ ಸಲ ಕಂಡಾಗ, ಮುಚ್ಚಳ ತೆಗೆಯುವುದನ್ನು ಮರೆತಿದ್ದೀಯ ಎಂದು ಮೂರು ಬಾರಿ ಮೆಟ್ಟಿಲು ಹತ್ತಿ ಬಂದು ಹೇಳಿ ಹೋದರು. ಗಾಜಿನ ಮೇಲಿನ ದೂಳು ಚಿತ್ರದಲ್ಲಿ ಉಂಗುರಗಳಾಗಿ ಮೂಡುತ್ತದೆ. ಅದನ್ನು ಕಳೆಯಲು ಬೆಳಗಿನ ಜಾವ ಆಕಾಶ ಬಿಳುಪಾಗುವಾಗ ಅಪ್ಪನ ಬಿಳಿ ಪಂಚೆಯನ್ನು ಎರಡು ಮಡಿಕೆ ಮಾಡಿ ದೂರದರ್ಶಕದ ಬಾಯಿಗೆ ಬಿಗಿದು ಇನ್ನೊಂದು ಸಾಲು ಚಿತ್ರ ತೆಗೆಯುತ್ತೇನೆ.

ಕಲಿಯಲು ಹೆಚ್ಚು ದಿನ ಹಿಡಿದದ್ದು ಮಾತ್ರ ಕ್ಯಾಮೆರಾ ಅಲ್ಲ, ಅದನ್ನು ದೂರದರ್ಶಕದ ಸಮೇತ ಹೊತ್ತು ಆಕಾಶದ ಜೊತೆಗೆ ತಿರುಗಿಸುವ ಪೀಠ, ಮೌಂಟು. ಭೂಮಿ ತಿರುಗುವುದರಿಂದ ಆಕಾಶ ಸೆಕೆಂಡಿಗೆ 15 ಕೋನಸೆಕೆಂಡಿನಷ್ಟು ಸರಿಯುತ್ತದೆ (ಒಂದು ಡಿಗ್ರಿಯ 3600ನೇ ಒಂದು ಪಾಲು ಒಂದು ಕೋನಸೆಕೆಂಡ್). ನನ್ನ ಒಂದು ಬಿಂದುವಿನ ಪಾಲಿಗೆ ಬರುವ ಆಕಾಶ 1.6 ಕೋನಸೆಕೆಂಡ್ ಮಾತ್ರ. ಮೌಂಟು ಸುಮ್ಮನೆ ನಿಂತರೆ ಆಕಾಶದ ಸಮಭಾಜಕದ ಬಳಿಯ ನಕ್ಷತ್ರ ಒಂದೇ ಸೆಕೆಂಡಿನಲ್ಲಿ ಒಂಬತ್ತು ಬಿಂದುಗಳನ್ನು ದಾಟಿಬಿಡುತ್ತದೆ. ಹಾಗಾಗಿ ಮೌಂಟಿನ ಅಕ್ಷ, ಆಕಾಶವೆಲ್ಲ ಸುತ್ತುವಂತೆ ಕಾಣುವ ಧ್ರುವಬಿಂದುವಿಗೆ ನೆಟ್ಟಗೆ ಗುರಿಯಿಟ್ಟಿರಬೇಕು. ಸಪ್ತರ್ಷಿ ಮಂಡಲದಲ್ಲಿ ಪುಲಹನಿಂದ ಕ್ರತುವಿಗೆ ಗೆರೆ ಎಳೆದು ಅದರ ಐದು ಪಟ್ಟು ಮುಂದೆ ಹೋದರೆ ಧ್ರುವ ಸಿಗುತ್ತಾನೆ, ಆದ್ದರಿಂದ ನಾವಿಬ್ಬರೂ ಇಲ್ಲದೆ ಜಗತ್ತಿಗೆ ದಿಕ್ಕೇ ಇಲ್ಲ ಎಂದು ನಾವು ಎಷ್ಟು ವರ್ಷ ಹೇಳಿಕೊಂಡು ತಿರುಗಿದೆವು! ನಮ್ಮ ಅಕ್ಷಾಂಶದಲ್ಲಿ ಧ್ರುವ ದಿಗಂತದಿಂದ ಹದಿಮೂರು ಹದಿನಾಲ್ಕು ಡಿಗ್ರಿಯಷ್ಟೇ ಮೇಲಿದ್ದಾನೆ, ನಮ್ಮ ತಾರಸಿಯಿಂದ ನೋಡಿದರೆ ತೆಂಗಿನ ಗರಿಗಳ ಹಿಂದೆ. ಅವನೂ ನಿಜವಾದ ಧ್ರುವಬಿಂದುವಿನಿಂದ ಅರ್ಧ ಡಿಗ್ರಿಗಿಂತ ತುಸು ಹೆಚ್ಚೇ ಸರಿದು ಕೂತಿದ್ದಾನೆ. ಮೌಂಟನ್ನು ಪಶ್ಚಿಮದ ಮೂಲೆಗೆ ಸರಿಸಿ, ಗರಿಗಳ ಸಂದಿನಲ್ಲಿ ಅವನನ್ನು ಹಿಡಿದು, ಆ ಅಂತರವನ್ನು ಲೆಕ್ಕ ಹಾಕಿ ಸರಿಪಡಿಸಲು ಕಲಿಯುವಷ್ಟರಲ್ಲಿ ಎರಡು ಅಮಾವಾಸ್ಯೆಗಳು ಕಳೆದಿದ್ದವು.

ಎಂ51 ಎಂಬ ಆ ಸುಳಿ ಗೆಲಾಕ್ಸಿ ಅದೇ ಮಂಡಲದ ನಮ್ಮ ಮರೀಚಿಯಿಂದ ಮೂರೂವರೆ ಡಿಗ್ರಿ ದೂರದಲ್ಲಿದೆ. 1773ರಲ್ಲಿ ಶಾರ್ಲ್ ಮೆಸ್ಸಿಯೆ ಕಂಡಾಗ ಅದೊಂದು ಮಸುಕು ಕಲೆ. 1845ರಲ್ಲಿ ಐರ್ಲೆಂಡಿನ ಬರ್ ಕೋಟೆಯಲ್ಲಿ ಲಾರ್ಡ್ ರಾಸ್ ತಮ್ಮ 72 ಅಂಗುಲದ ಕನ್ನಡಿಯ ದೂರದರ್ಶಕದಲ್ಲಿ ನೋಡಿ ಅದರ ಸುರುಳಿಯನ್ನು ಮೊದಲ ಬಾರಿಗೆ ಗುರುತಿಸಿ, ಕೈಯಲ್ಲಿ ಬಿಡಿಸಿದರು. ನನ್ನ ಮಸೂರ ಮೂರು ಅಂಗುಲಕ್ಕಿಂತ ಸ್ವಲ್ಪವೇ ದೊಡ್ಡದು. ಆದರೂ ಆ ಸುರುಳಿ ನನಗೆ ಸಿಕ್ಕಿತೆಂದರೆ, ಬೆಳಕನ್ನು ಗಂಟೆಗಟ್ಟಲೆ ಕೂಡಿಡುವುದು ಕಣ್ಣಿಗೆ ಬಾರದು, ಕ್ಯಾಮೆರಾಕ್ಕೆ ಬರುತ್ತದೆ, ಅಷ್ಟೇ. ಮೂರು ನಿಮಿಷದ ಒಂದು ಚಿತ್ರವನ್ನು ತೆರೆದರೆ ಹೆಚ್ಚುಕಡಿಮೆ ಕಪ್ಪು ಹಾಳೆ. ಕಪ್ಪಿಗೆ ಹತ್ತಿರದ ಮಟ್ಟಗಳನ್ನು ಹಿಗ್ಗಿಸಿದಾಗ ಮರಳು ಎರಚಿದಂಥ ಗದ್ದಲದ ನಡುವೆ ಎರಡು ಮಬ್ಬು ಉಂಡೆಗಳು, ದೊಡ್ಡದೊಂದು, ಅದರ ಪಕ್ಕಕ್ಕೆ ಅಂಟಿಕೊಂಡ ಚಿಕ್ಕದೊಂದು. ಎರಡು ಕೋಟಿ ವರ್ಷಗಳಿಗೂ ಹೆಚ್ಚು ಕಾಲ ನಡೆದು ಬಂದ ಬೆಳಕು ಅದು. ಚಿತ್ರದ ಮೇಲೆ ಚಿತ್ರ ಪೇರಿಸುತ್ತ ಹೋದಂತೆ ಗದ್ದಲ ಇಳಿಯುತ್ತದೆ, ಆದರೆ ಅದು ಅರ್ಧಕ್ಕೆ ಇಳಿಯಬೇಕಾದರೆ ಚಿತ್ರಗಳು ನಾಲ್ಕು ಪಟ್ಟು ಬೇಕು. ಆಕಾಶದಲ್ಲೇ ಬೆಳಕು ತುಂಬಿದ್ದರೆ ಲೆಕ್ಕ ಇನ್ನೂ ಕಠಿಣ: ಹಿನ್ನೆಲೆ ಎರಡೂವರೆ ಪಟ್ಟು ಬೆಳಗಿದರೆ ಅಷ್ಟೇ ಸ್ಪಷ್ಟತೆಗೆ ಬೇಕಾಗುವ ಸಮಯವೂ ಸುಮಾರು ಎರಡೂವರೆ ಪಟ್ಟಾಗುತ್ತದೆ. ನಿನಗೆ ಕಳುಹಿಸಿದ ಚಿತ್ರದಲ್ಲಿ 286 ಚಿತ್ರಗಳಿವೆ, ಒಟ್ಟು ಹದಿನಾಲ್ಕು ಗಂಟೆ ಹದಿನೆಂಟು ನಿಮಿಷ.

ಬರೆಯಬೇಕೆಂದುಕೊಂಡದ್ದು ಇಲ್ಲಿಯವರೆಗೆ. ಆದರೆ ಈ ಹದಿನಾಲ್ಕು ಗಂಟೆ ಎಲ್ಲಿಂದ ಬಂತೆಂದು ಹೇಳದೆ ಮುಗಿಸಲು ನನ್ನಿಂದ ಆಗುತ್ತಿಲ್ಲ.

ನಮ್ಮ ಮನೆಯ ದಕ್ಷಿಣಕ್ಕೆ ದೂರದಲ್ಲಿ ಬೆಂಗಳೂರಿನ ಬೆಳಕಿನ ಗುಮ್ಮಟವಿದೆ. ಅದು ನನ್ನ ಬೆನ್ನಿಗಿರುತ್ತದೆ, ಅದರಿಂದ ತೊಂದರೆಯಿಲ್ಲ. ಉತ್ತರಕ್ಕೆ, ಎಂ51 ನಡುರಾತ್ರಿಯಲ್ಲಿ ಏರಿ ನಿಲ್ಲುವ ದಿಕ್ಕಿಗೇ, ಪಕ್ಕದ ಯಜಮಾನರ ಸೇವಂತಿಗೆಯ ಹೊಲವಿದೆ. ಯುಗಾದಿಯ ಸುಮಾರಿಗೆ ಅವರು ಪೂರ್ಣಿಮಾ ಎಂಬ ಬಿಳಿ ತಳಿಯನ್ನು ನೆಟ್ಟು, ಸಾಲುಸಾಲಾಗಿ ಬಲ್ಬು ಕಟ್ಟಿದರು. ರಾತ್ರಿ ಹತ್ತರಿಂದ ಎರಡರವರೆಗೆ ಹೊಲ ಜಾತ್ರೆಯಂತೆ ಬೆಳಗುತ್ತಿತ್ತು. ಏಕೆಂದು ನಮ್ಮ ಕಡೆಯ ಎಲ್ಲರಿಗೂ ಗೊತ್ತು: ಸೇವಂತಿಗೆ ಅಲ್ಪದಿನ ಸಸ್ಯ, ರಾತ್ರಿ ಅಖಂಡವಾಗಿ ಉದ್ದವಾದರೆ ಅದು ಬೆಳೆಯುವುದನ್ನು ಬಿಟ್ಟು ಮೊಗ್ಗಿಗೆ ಹೊರಡುತ್ತದೆ, ಗಿಡ ಎತ್ತರವಾಗಿ ಕವಲೊಡೆಯುವವರೆಗೆ ರಾತ್ರಿಯನ್ನು ಬೆಳಕಿನಿಂದ ತುಂಡರಿಸುತ್ತಿರಬೇಕು. ನನಗಂತೂ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅದೇ ಹೊಲವನ್ನು ತೋರಿಸಿ ನಾನು ಮಕ್ಕಳಿಗೆ ಈ ಪಾಠ ಮಾಡಿದ್ದೇನೆ. ಗೌರಿಬಿದನೂರಿನ ಬಯಲಿನಲ್ಲಿ ನಮ್ಮನ್ನು ಕರೆದುಕೊಂಡು ಹೋಗಿ ತೋರಿಸಿದ್ದರಲ್ಲ, 1976ರಿಂದ 34.5 ಮೆಗಾಹರ್ಟ್ಸಿನಲ್ಲಿ ಆಕಾಶಕ್ಕೆ ಕಿವಿಗೊಟ್ಟ ಆ ರೇಡಿಯೋ ಆಂಟೆನಾಗಳ ಸಾಲು, ಅವಕ್ಕೆ ಬಲ್ಬಿನ ಬೆಳಕಿನ ಹಂಗಿಲ್ಲ. ನನ್ನ ಡಬ್ಬಿಗೆ ಇದೆ.

ಚೈತ್ರದ ಅಮಾವಾಸ್ಯೆಗೆ ನಾಲ್ಕು ದಿನ ಮುಂಚೆ ಅವರ ಬಳಿ ಹೋಗಿ, ಎರಡು ಮೂರು ರಾತ್ರಿ ಬಲ್ಬು ಹಾಕದೆ ಇರಲು ಆಗುತ್ತದೆಯೇ ಎಂದು ಕೇಳಿದೆ. ಅವರ ಮಗ ಹತ್ತನೆಯ ತರಗತಿ ಪಾಸಾದದ್ದು ನನ್ನ ಕೈಯಲ್ಲಿ. ನನಗೆ ಅವರು ಇಲ್ಲ ಎನ್ನಲಾರರು, ಅದು ತಿಳಿದೇ ಕೇಳಿದೆ. "ಅದಕ್ಕೇನು ಮೇಷ್ಟ್ರೇ, ಹಾಕಲ್ಲ ಬಿಡಿ" ಎಂದರು.

ಆ ರಾತ್ರಿಗಳನ್ನು ನಾನು ಹೇಗೆ ವರ್ಣಿಸಲಿ ಪುಲಹ! ಅಮಾನಿ ಭೈರಸಾಗರದ ಕಡೆಯಿಂದ ಗಾಳಿ ಬರುತ್ತಿತ್ತು, ವಸಿಷ್ಠನ ಪಕ್ಕದಲ್ಲಿ ಅರುಂಧತಿ ಕಷ್ಟಪಡದೆ ಕಾಣುತ್ತಿದ್ದಳು. ಮೂರನೆಯ ರಾತ್ರಿ ಮುಗಿದಾಗ ಲ್ಯಾಪ್‌ಟಾಪಿನಲ್ಲಿ ಚಿತ್ರಗಳನ್ನು ಪೇರಿಸಿದೆ. ಎರಡು ಗೆಲಾಕ್ಸಿಗಳ ನಡುವಿನ ಸೇತುವೆ ಮೂಡಲು ಶುರುವಾಗಿತ್ತು. ಇನ್ನೊಂದು ರಾತ್ರಿ ಸಿಕ್ಕರೆ ಅದು ಸ್ಪಷ್ಟವಾಗುತ್ತದೆ ಎನ್ನಿಸಿತು. ಬೆಳಿಗ್ಗೆ ಹೋಗಿ, ಇನ್ನು ಬಲ್ಬು ಹಾಕಿಕೊಳ್ಳಿ ಎಂದು ಹೇಳಬೇಕಾಗಿತ್ತು, ಹೋಗಲಿಲ್ಲ. ಅವರೂ ಕೇಳಲಿಲ್ಲ. ಐದನೆಯ ರಾತ್ರಿಗೂ ಹಾಗೆಯೇ ಮಾಡಿದೆ, ಏಳನೆಯದಕ್ಕೂ. ಒಂಬತ್ತನೆಯ ರಾತ್ರಿಯಾದ ಮೇಲೆ ಮೋಡ ಕವಿದಾಗ ಮಾತ್ರ, ಧನ್ಯವಾದಗಳು, ನನ್ನ ಕೆಲಸ ಮುಗಿಯಿತು ಎಂದು ಅವರ ಮಗನ ಫೋನಿಗೆ ಎರಡು ಸಾಲು ಕಳುಹಿಸಿದೆ.

ಶ್ರಾವಣದ ಹಬ್ಬಗಳಿಗೆಂದು ನೆಟ್ಟ ಗಿಡ ಮೊಣಕಾಲೆತ್ತರಕ್ಕೂ ಬಾರದೆ ಮೊಗ್ಗು ಕಚ್ಚಿತು, ಆಷಾಢದಲ್ಲಿ ಅರಳಿತು. ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ; ಚಿಕ್ಕಬಳ್ಳಾಪುರದ ಮಾರುಕಟ್ಟೆಯಲ್ಲಿ ಹೂವನ್ನು ಕೇಳುವವರಿರಲಿಲ್ಲ. ಬದುವಿನ ಮೇಲೆ ಸಿಕ್ಕಾಗ ಬೆಳೆಯ ಬಗ್ಗೆ ವಿಚಾರಿಸಿದೆ. "ಈ ಸಲ ಹವಾನೇ ಹಂಗಿತ್ತು ಮೇಷ್ಟ್ರೇ" ಎಂದರು. ನಾನು, ಹೌದು, ಈ ಸಲ ಹವೆ ಸರಿಯಿರಲಿಲ್ಲ ಎಂದೆ.

ಆ ಮಾತನ್ನು ಆಡಿದ ವಾರವೇ ನೀನು ಚಿತ್ರವನ್ನು ಮತ್ತೊಮ್ಮೆ ಹಂಚಿಕೊಂಡು, ತಾಳ್ಮೆಯಿಂದ ಕಾದವನಿಗೆ ಆಕಾಶ ಒಲಿಯುತ್ತದೆ ಎಂದು ಬರೆದೆ. ನೂರಾರು ಜನ ಮೆಚ್ಚಿದರು. ನಾನು ಎಲ್ಲರಿಗೂ ಕೈ ಮುಗಿದೆ. ಸಂವೇದಕದ ಒಂದೊಂದು ಸುಳ್ಳು ಎಲೆಕ್ಟ್ರಾನನ್ನೂ ಹುಡುಕಿ ಕಳೆಯುವವನು ನಿನ್ನ ಈ ಹೊಗಳಿಕೆಯನ್ನು ಹಾಗೆಯೇ ಉಳಿಸಿಕೊಂಡೆ. ಆಮೇಲೆ ಎಷ್ಟೋ ರಾತ್ರಿ ಆಕಾಶ ತಿಳಿಯಾಗಿದ್ದರೂ ನಾನು ತಾರಸಿಗೆ ಹೋಗಲಿಲ್ಲ. ಕೇಳಿದವರಿಗೆ ಮಳೆಗಾಲ ಎಂದು ಹೇಳಿದೆ.

ನಿನ್ನೆ ಸಂಜೆ ಯಜಮಾನರ ಬಳಿ ಹೋಗಿ ಹೇಳಿದೆ. ಅವರು ಹನಿ ನೀರಾವರಿಯ ಫಿಲ್ಟರ್ ತೊಳೆಯುತ್ತಿದ್ದರು. ಅರ್ಧದಲ್ಲಿಯೇ ತಡೆದು, "ನಂಗೂ ಗೊತ್ತಿತ್ತು ಮೇಷ್ಟ್ರೇ. ಮೂರು ದಿನ ಅಂದಿದ್ರಿ, ನೀವು ಸಾಕು ಅನ್ನೋ ಮುಂಚೆ ಹೆಂಗೆ ಹಾಕೋದು ಅಂತ ಸುಮ್ನಿದ್ದೆ" ಎಂದರು. ನಷ್ಟದಲ್ಲಿ ನನ್ನ ಪಾಲು ಕೊಡುತ್ತೇನೆ ಎಂದಾಗ ಬೇಡ ಎನ್ನುತ್ತಾರೆಂದುಕೊಂಡಿದ್ದೆ. "ಕೊಡಿ, ಮುಂದಿನ ಸಸಿಗೆ ಆಗುತ್ತೆ" ಎಂದು ಫಿಲ್ಟರನ್ನು ಜೋಡಿಸಿದರು. ಅವರು ಹಾಗೆ ಕೇಳಿದ್ದರಿಂದ ನನಗೆ ಎಷ್ಟು ಹಗುರವಾಯಿತೆಂದು ನಿನಗೆ ಹೇಳಲಾರೆ. ಈ ಪತ್ರವನ್ನು ಇಲ್ಲಿ ಹಾಕುವುದಕ್ಕೂ ಅವರ ಒಪ್ಪಿಗೆ ಪಡೆದಿದ್ದೇನೆ. ಅವರ ಮಗ ಇದನ್ನು ಅವರಿಗೆ ಓದಿ ಹೇಳುತ್ತಾನೆ.

ಇಷ್ಟೆಲ್ಲ ಬರೆಯುತ್ತೇನೆಂದು ಕೂತಿರಲಿಲ್ಲ. ಇನ್ನು ಒಳ್ಳೆಯ ಸುದ್ದಿ ಕೇಳು. ಮುಂದಿನ ವಾರ ಅವರು ಹೊಸ ಸಸಿ ನೆಡುತ್ತಾರೆ, ಮೂವತ್ತೈದು ರಾತ್ರಿ ಬಲ್ಬು ಉರಿಯುತ್ತದೆ. ಆ ಮೂವತ್ತೈದನ್ನೂ ನಾನೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಬಂದಿದ್ದೇನೆ. ದೀಪಾವಳಿಯ ಅಮಾವಾಸ್ಯೆಯ ಹೊತ್ತಿಗೆ ಗಿಡಕ್ಕೇ ಕತ್ತಲೆ ಬೇಕು. ಆಗ ಆಂಡ್ರೊಮಿಡಾ ಗೆಲಾಕ್ಸಿ ರಾತ್ರಿ ಹತ್ತರ ಸುಮಾರಿಗೆ ಉತ್ತರದಲ್ಲಿ ಎತ್ತರಕ್ಕೆ ಬಂದಿರುತ್ತದೆ, 25 ಲಕ್ಷ ಜ್ಯೋತಿರ್ವರ್ಷದ ನೆರೆಮನೆ. ಆಕಾಶದಲ್ಲಿ ಅದರ ಉದ್ದ ಮೂರು ಡಿಗ್ರಿ, ನನ್ನ ಚೌಕಟ್ಟು ಒಂದೂಕಾಲು ಡಿಗ್ರಿಗಿಂತ ತುಸು ಹೆಚ್ಚು. ಮೂರು ತುಂಡುಗಳಲ್ಲಿ ತೆಗೆದು ಹೊಲಿಯಬೇಕು. ಒಂದು ತುಂಡಿಗೆ ಒಂದು ರಾತ್ರಿಯೆಂದರೂ ಮೂರು ರಾತ್ರಿ ಎಚ್ಚರವಿರಲು ಜೊತೆ ಬೇಕು, ಆದ್ದರಿಂದ ನೀನು ರಜೆ ಹಾಕಿ ಬರುತ್ತೀಯ. ಯಜಮಾನರೂ ಒಂದು ರಾತ್ರಿ ಮೇಲೆ ಬಂದು ನೋಡುತ್ತೇನೆ ಎಂದಿದ್ದಾರೆ. ಅಮ್ಮ ಒಬ್ಬಟ್ಟಿನ ಲೆಕ್ಕವನ್ನು ಈಗಲೇ ಕೇಳುತ್ತಿದ್ದಾರೆ, ನಿನ್ನ ಹಳೆಯ ಲೆಕ್ಕವನ್ನೇ ಹೇಳಿದ್ದೇನೆ.

ಬರುವಾಗ ಆ ಹಸಿರು ಟಾರ್ಚನ್ನು ಮಾತ್ರ ತರಬೇಡ. ಅಂಗಿರಸನ ಅತ್ತೆ ಅದನ್ನು ಇನ್ನೂ ಮರೆತಿಲ್ಲ.

ನಿನ್ನ,
ಕ್ರತು