ಅಭ್ಯರ್ಥಿಯ ಅರ್ಹತೆ ಅಳೆಯುವ ಮುನ್ನ

ಗೆಳೆಯರೇ, ಚುನಾವಣೆಯಲ್ಲಿ ಯಾರು ಅರ್ಹರು ಎಂದು ನಮ್ಮ ಗುಂಪಿನಲ್ಲಿ ನಿನ್ನೆಯಿಂದ ಎಲ್ಲರೂ ಅಭ್ಯರ್ಥಿಗಳ ಅನುಭವದ ವರ್ಷಗಳನ್ನೇ ಎಣಿಸುತ್ತಿದ್ದೇವೆ. ಅಷ್ಟೇ ಸಾಲದು. 1857ರಲ್ಲಿ ಅಮೆರಿಕದ ಅಧ್ಯಕ್ಷರಾದ ಜೇಮ್ಸ್ ಬುಕಾನನ್ ಸೆನೆಟರ್, ರಾಯಭಾರಿ, ವಿದೇಶಾಂಗ ಮಂತ್ರಿ ಎಲ್ಲವೂ ಆಗಿದ್ದವರು. ಆದರೆ ದಕ್ಷಿಣದ ರಾಜ್ಯಗಳು ಅಮೆರಿಕದ ಒಕ್ಕೂಟ ಬಿಟ್ಟು ಹೊರಟಾಗ, ಅದು ತಪ್ಪು, ಆದರೆ ಬಲವಂತದಿಂದ ತಡೆಯುವ ಅಧಿಕಾರ ಸರ್ಕಾರಕ್ಕಿಲ್ಲ ಎಂದುಬಿಟ್ಟರು. ಅವರ ನಂತರ ಬಂದ ಲಿಂಕನ್ ಸಂಸತ್ತಿನಲ್ಲಿದ್ದದ್ದು ಎರಡೇ ವರ್ಷ. ಆದರೂ ಅಧ್ಯಕ್ಷ ಚುನಾವಣೆಗೆ ಪಕ್ಷದ ಟಿಕೆಟ್‌ಗಾಗಿ ತಮ್ಮೊಡನೆ ಪೈಪೋಟಿಗಿಳಿದಿದ್ದ ಸೀವಾರ್ಡ್, ಚೇಸ್, ಬೇಟ್ಸ್ ಮೂವರನ್ನೂ ಕರೆದು ಮಂತ್ರಿ ಮಾಡಿಕೊಂಡರು. ನನ್ನ ಮಟ್ಟಿಗೆ ಇದೇ ದೊಡ್ಡ ಅರ್ಹತೆ: ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎದುರುಮಾತನ್ನೂ ಕೇಳುವ ಧೈರ್ಯ. ವಯಸ್ಸು, ಪದವಿ ಎಲ್ಲ ಆಮೇಲಿನ ಮಾತು.

ಇನ್ನು ಮುಂದೆ ಯಾರದೇ ಪರ ಬರೆಯುವಾಗ ಅವರು ತೆಗೆದುಕೊಂಡ ಒಂದು ಕಠಿಣ ನಿರ್ಧಾರ, ಒಪ್ಪಿಕೊಂಡ ಒಂದು ತಪ್ಪು, ಎರಡನ್ನೂ ದಯವಿಟ್ಟು ಬರೆಯಿರಿ. ಬರೀ ಫಾರ್ವರ್ಡ್ ಬೇಡ.