ಕಳ್ಳ ನಗಬಾರದು

ಪ್ರೀತಿಯ ತಮ್ಮನಿಗೆ,

ನಿನ್ನ ಬ್ಯಾಂಕ್ ದರೋಡೆ ಕತೆ ಓದಿದೆ. ಅಲ್ಲಲ್ಲಿ ನಗು ಬಂತು, ಆದರೆ ನೀನು ನಗಿಸಬೇಕೆಂದುಕೊಂಡ ಕಡೆ ಬರಲಿಲ್ಲ. ಕಳ್ಳ ಜೋಕ್ ಹೊಡೆಯುತ್ತಾನೆ, ಮ್ಯಾನೇಜರೂ ಹೊಡೆಯುತ್ತಾನೆ, ಇನ್‌ಸ್ಪೆಕ್ಟರಂತೂ ಬಂದ ಕೆಲಸ ಮರೆತು ಪ್ರಾಸ ಕಟ್ಟುತ್ತಾ ನಿಂತುಬಿಡುತ್ತಾನೆ. ಪಾತ್ರಗಳೇ ಇಷ್ಟು ನಕ್ಕುಬಿಟ್ಟರೆ ಓದುವವನ ಪಾಲಿಗೆ ಉಳಿಯುವುದೇನು ಮಾರಾಯ?

ಬೈಯುವ ಬದಲು ಒಂದು ಸಿನಿಮಾ ನೋಡು ಅನ್ನುತ್ತೇನೆ. 1956ರ ಜರ್ಮನ್ ಚಿತ್ರ, ‘ಡೆರ್ ಹೌಪ್ಟ್‌ಮನ್ ಫಾನ್ ಕೋಪೆನಿಕ್’, ಅಂದರೆ ಕೋಪೆನಿಕ್‌ನ ಕ್ಯಾಪ್ಟನ್. ಹೆಲ್ಮುಟ್ ಕಾಯ್ಟ್‌ನರ್ ನಿರ್ದೇಶನ, ಹೈನ್ಸ್ ರೂಮನ್ ನಾಯಕ, ಕಾರ್ಲ್ ಝುಕ್‌ಮಾಯರ್ 1931ರಲ್ಲಿ ರಂಗಕ್ಕೆ ತಂದ ನಾಟಕ ಮೂಲ. ಘಟನೆ ಮಾತ್ರ ನಿಜದ್ದೇ. 1906ರ ಅಕ್ಟೋಬರ್ 16ರಂದು ವಿಲ್ಹೆಲ್ಮ್ ಫೋಯ್ಗ್ಟ್ ಎಂಬ ಬೂಟು ಹೊಲಿಯುವವ, ಅರ್ಧ ಆಯುಸ್ಸು ಜೈಲಿನಲ್ಲೇ ಸವೆಸಿದವ, ಹಳೆಯ ಕ್ಯಾಪ್ಟನ್ ಸಮವಸ್ತ್ರ ತೊಟ್ಟು ಬರ್ಲಿನ್ನಿನ ಬೀದಿಗೆ ಬಂದ. ದಾರಿಯಲ್ಲಿ ಸಿಕ್ಕ ಸಿಪಾಯಿಗಳಿಗೆ ‘ಹಿಂದೆ ಬನ್ನಿ’ ಎಂದ, ಬಂದರು. ಅವರನ್ನು ಕಟ್ಟಿಕೊಂಡು ಪಕ್ಕದ ಊರು ಕೋಪೆನಿಕ್‌ಗೆ ಹೋಗಿ ಅಲ್ಲಿನ ಮೇಯರನ್ನು ಅವನ ಕಚೇರಿಯಲ್ಲೇ ಬಂಧಿಸಿದ. ಖಜಾನೆಯಿಂದ 3,500ಕ್ಕೂ ಹೆಚ್ಚು ಮಾರ್ಕ್ ತೆಗೆದುಕೊಂಡು ರಸೀದಿ ಬರೆದುಕೊಟ್ಟು ಹೊರಟುಹೋದ. ಹತ್ತು ದಿನಕ್ಕೆ ಸಿಕ್ಕಿಬಿದ್ದ. ನಾಲ್ಕು ವರ್ಷದ ಶಿಕ್ಷೆಯಾಯಿತು, 1908ರಲ್ಲಿ ಜರ್ಮನಿಯ ಚಕ್ರವರ್ತಿ ಕೈಸರ್ ಕ್ಷಮಾದಾನ ಕೊಟ್ಟ.

ನಿನ್ನ ಕೈಗೆ ಈ ಸುದ್ದಿ ಸಿಕ್ಕಿದ್ದರೆ ಸಿಪಾಯಿಗಳನ್ನು ಪೆದ್ದರನ್ನಾಗಿ ಮಾಡುತ್ತಿದ್ದೆ, ಅಲ್ಲವೇ? ಇಲ್ಲಿ ಯಾರೂ ಪೆದ್ದರಲ್ಲ. ಸಿಪಾಯಿ ಅಧಿಕಾರಿಯ ಮಾತು ಕೇಳಿದ, ಅದು ಅವನ ಕರ್ತವ್ಯ. ಖಜಾಂಚಿಯೂ ಲೆಕ್ಕ ಒಪ್ಪಿಸಿದ. ಒಬ್ಬೊಬ್ಬನೂ ತನ್ನ ಕೆಲಸ ಶಿಸ್ತಾಗಿ ಮಾಡಿದ್ದರಿಂದಲೇ ಒಂದು ಊರಿನ ಆಡಳಿತ ಹಗಲುಹೊತ್ತಿನಲ್ಲಿ ಕಳ್ಳತನವಾಯಿತು. ರೂಮನ್ ಮುಖ ನೋಡು, ಒಂದು ಕಡೆಯಾದರೂ ‘ಹೇಗಿದೆ ನನ್ನ ತಮಾಷೆ’ ಎಂದು ನಮ್ಮತ್ತ ತಿರುಗುವುದಿಲ್ಲ. ಹಾಸ್ಯ ನಡೆಯುತ್ತಿದೆ ಎಂಬ ಸುಳಿವೇ ಆ ಮನುಷ್ಯನಿಗಿಲ್ಲ.

ಇನ್ನು, ನಿನ್ನ ಕಳ್ಳನಿಗೆ ಬೇಕಾದದ್ದೇನು? ಹಣ. ಹಣ ಯಾರಿಗೆ ಬೇಡ! ಝುಕ್‌ಮಾಯರ್ ಆ ಕಾರಣವನ್ನೇ ಬದಲಿಸಿದ. ಅವನ ಫೋಯ್ಗ್ಟ್‌ಗೆ ಬೇಕಾದದ್ದು ಪಾಸ್‌ಪೋರ್ಟ್. ಊರಲ್ಲಿರಲು ಪರವಾನಗಿ ಇಲ್ಲದವನಿಗೆ ಕೆಲಸವಿಲ್ಲ, ಕೆಲಸವಿಲ್ಲದವನಿಗೆ ಪರವಾನಗಿ ಇಲ್ಲ. ಕಚೇರಿಯಿಂದ ಕಚೇರಿಗೆ ಅಲೆದು ಸಾಕಾಗಿ ಸಮವಸ್ತ್ರ ಕೊಳ್ಳುತ್ತಾನೆ, ರೈಲು ನಿಲ್ದಾಣದ ಶೌಚಾಲಯದಲ್ಲಿ ಬಟ್ಟೆ ಬದಲಿಸುತ್ತಾನೆ, ಇಡೀ ಪುರಭವನವನ್ನೇ ಹಿಡಿಯುತ್ತಾನೆ. ಆಮೇಲೆ ತಿಳಿಯುತ್ತದೆ, ಈ ಕಚೇರಿಯಲ್ಲಿ ಪಾಸ್‌ಪೋರ್ಟ್ ವಿಭಾಗವೇ ಇಲ್ಲ! ಅಷ್ಟು ಹೊತ್ತಿಗೆ ನಾವು ಸಂಪೂರ್ಣ ಅವನ ಕಡೆ. ನಿನ್ನ ಕಳ್ಳನ ಕಡೆ ನಾನು ಒಂದು ಪುಟವೂ ನಿಲ್ಲಲಿಲ್ಲ.

ಆ ಸಮವಸ್ತ್ರದ ಹಿಂದೆ ಬೀಳು, ಅಲ್ಲಿ ಕಲಿಯುವುದು ಬಹಳವಿದೆ. ಪಾಟ್ಸ್‌ಡಾಮ್‌ನ ದರ್ಜಿ ಅದನ್ನು ಒಬ್ಬ ಗಾರ್ಡ್ ಕ್ಯಾಪ್ಟನ್ನಿಗಾಗಿ ಹೊಲಿಯುತ್ತಾನೆ. ಹಿಂಬದಿಯ ಎರಡು ಗುಂಡಿಗಳ ನಡುವಿನ ಅಂತರ ನಿಯಮದಂತಿಲ್ಲ ಎಂದು ಕ್ಯಾಪ್ಟನ್ ತಕರಾರು ತೆಗೆಯುತ್ತಾನೆ. ಅಂಥವನೇ ಒಂದು ರಾತ್ರಿ ಸಾದಾ ಬಟ್ಟೆಯಲ್ಲಿದ್ದಾಗ ಕುಡಿದ ಸಿಪಾಯಿಯೊಂದಿಗೆ ಜಗಳವಾಗಿ ನೌಕರಿ ಕಳೆದುಕೊಳ್ಳುತ್ತಾನೆ. ಬಟ್ಟೆ ದರ್ಜಿಗೆ ವಾಪಸ್. ಅಲ್ಲಿಂದ ಅದು ಓಬರ್‌ಮ್ಯುಲ್ಲರ್ ಎಂಬ ಮಹತ್ವಾಕಾಂಕ್ಷಿಯ ಮೈಗೆ. ಅವನ ಹೊಟ್ಟೆ ಬೆಳೆದು ಅದು ಸಾಲದಾಗುತ್ತದೆ. ಕೊನೆಗೆ ಹಳೇ ಬಟ್ಟೆಯ ಅಂಗಡಿ, ಫೋಯ್ಗ್ಟ್‌ನ ಹೆಗಲು. ಅವನು ಬಂಧಿಸುವ ಮೇಯರ್ ಯಾರು ಗೊತ್ತೇ? ಅದೇ ಓಬರ್‌ಮ್ಯುಲ್ಲರ್! ತನ್ನದೇ ಹಳೆ ಅಂಗಿಗೆ ತಲೆಬಾಗುತ್ತಾನೆ. ಬಂಧನದ ಹೊತ್ತಿನಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನೀನಾಗಿದ್ದರೆ ಇನ್‌ಸ್ಪೆಕ್ಟರ್ ಕೈಯಲ್ಲಿ ಹೇಳಿಸಿ, ಮುಂದೆ ಮೂರು ಆಶ್ಚರ್ಯಸೂಚಕ ಹಾಕುತ್ತಿದ್ದೆ. (ನಾನು ಈಗ ಒಂದು ಹಾಕಿದೆ, ಪತ್ರದಲ್ಲಿ ನಡೆಯುತ್ತದೆ.)

ಚಿತ್ರ ತೆರೆಗೆ ಬಂದಾಗ ಪಶ್ಚಿಮ ಜರ್ಮನಿಯ ಹೊಸ ಸೈನ್ಯಕ್ಕೆ ವರ್ಷವೂ ತುಂಬಿರಲಿಲ್ಲ. ಕಡ್ಡಾಯ ಸೈನಿಕ ಸೇವೆಯ ಕಾನೂನು ಹಿಂದಿನ ತಿಂಗಳಷ್ಟೇ ಪಾಸಾಗಿತ್ತು. ಸಮವಸ್ತ್ರ ಕಂಡರೆ ಅಟೆನ್ಷನ್ ನಿಂತೇ ಯುದ್ಧದ ಪಾಲಾಗಿದ್ದ ಜನ ಚಿತ್ರಮಂದಿರದಲ್ಲಿ ಕೂತಿದ್ದರು. ಅವರಿಗೆ ಯುದ್ಧದ ಬಗ್ಗೆ ಭಾಷಣ ಬಿಗಿಯದೆ 50 ವರ್ಷ ಹಿಂದಿನ ಒಂದು ಕಳ್ಳತನ ತೋರಿಸಿದರು.

ಒಂದು ಕಡೆ ಮಾತ್ರ ನಗು ನಿಲ್ಲುತ್ತದೆ. ತಂಗಿಯ ಮನೆಯಲ್ಲಿ ಕಾಯಿಲೆಯ ಹುಡುಗಿಗೆ ಫೋಯ್ಗ್ಟ್ ಗ್ರಿಮ್ ಸೋದರರ ಕತೆ ಓದುತ್ತಾನೆ, ಬ್ರೆಮೆನ್‌ಗೆ ಹೊರಟ ಮುದಿ ಪ್ರಾಣಿಗಳದ್ದು. ಊರು ಬಿಡುವಂತೆ ಅವನಿಗೆ ನೋಟಿಸು ಬಂದಾಗಿದೆ. ಆ ದೃಶ್ಯವನ್ನು ಎರಡು ಸಲ ನೋಡು.

ಈಗ ನಿನ್ನ ಕೆಲಸ. ಇನ್‌ಸ್ಪೆಕ್ಟರ್ ಬಾಯಿಂದ ಜೋಕುಗಳನ್ನೆಲ್ಲ ಕಿತ್ತುಹಾಕು, ಅವನು ಪಂಚನಾಮೆ ನಿಯಮದ ಪ್ರಕಾರ ಬರೆಯಲಿ. ಕಳ್ಳನಿಗೆ ಬ್ಯಾಂಕಿನಿಂದ ಹಣ ಬಿಟ್ಟು ಬೇರೇನಾದರೂ ಬೇಕಾಗಲಿ. ಅದೇನೆಂದು ನಾನು ಹೇಳಲಾರೆ. ಪಾಸ್‌ಬುಕ್ ಎಂಟ್ರಿ ಮಾಡಿಸಲು ಬಂದ ಅಜ್ಜಿ ದರೋಡೆಯ ನಡುವೆಯೂ ಕ್ಯೂ ಬಿಡುವುದಿಲ್ಲವಲ್ಲ, ಆಕೆಯನ್ನು ಹಾಗೇ ಬಿಡು, ಒಂದಕ್ಷರ ಮುಟ್ಟಬೇಡ. ತಿದ್ದಿದ ಪ್ರತಿ ದೀಪಾವಳಿಯೊಳಗೆ ಕಳಿಸು, ಅಕ್ಷರ ಸ್ವಲ್ಪ ದೊಡ್ಡದಿರಲಿ.

ಇಂತು,
ನಿನ್ನ ಅಣ್ಣ